ಇಲಿ ಪಾಷಾಣವೂ ಅತ್ತೆಯ ಮಾತ್ರೆಯೂ

ನಮ್ಮ ಸೋದರತ್ತೆ ಉಡುಪಿಯವರು. ಈಗ ಮುಂಬಯಿಯ ಮುಲುಂಡ್‌ನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಹೋದ ಮಳೆಗಾಲದಲ್ಲಿ ನೋಡಲು ಹೋದಾಗ ಮಂಚದ ಕೆಳಗೆ ಕೈ ತೋರಿಸಿ, "ಅದೆಂಥದು ಮಾರಾಯ, ಪೆಪ್ಪರ್‌ಮೆಂಟಿನ ಹಾಗೆ?" ಎಂದರು. ಬಗ್ಗಿ ನೋಡಿದೆ. ಗೋಡೆಯ ಮೂಲೆಯಲ್ಲಿ, ಹರಿದ ಕಾಗದದ ಮೇಲೆ ನೀಲಿ ಬಿಲ್ಲೆ: ಇಲಿ ಕೇಕು. ಹಿಂದಿನ ದಿನ ಪೆಸ್ಟ್ ಕಂಟ್ರೋಲ್‌ನವರು ಇಟ್ಟುಹೋಗಿದ್ದರು. ಪಕ್ಕದ ಮಂಚದ ಅಜ್ಜಿಗೆ ಮರೆವಿನ ಕಾಯಿಲೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಇಂಥ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವುದು ಬ್ರೊಮಾಡಿಯೊಲೋನ್, ಶೇಕಡಾ 0.005ರಷ್ಟು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸಲು ಯಕೃತ್ತಿಗೆ ಕೆ ಜೀವಸತ್ವ ಬೇಕು. ಬಳಸಿ ಮುಗಿದ ಜೀವಸತ್ವವನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸುವ ಕಿಣ್ವವೊಂದಿದೆ. ಪಾಷಾಣ ಅದನ್ನು ಕಟ್ಟಿಹಾಕುತ್ತದೆ. ಮೊದಲೇ ತಯಾರಾದ ಪ್ರೋಟೀನು ಖಾಲಿಯಾಗುವ ತನಕ ಇಲಿಗೆ ಏನೂ ಗೊತ್ತಾಗದು. ಕೆಲವು ದಿನ ಕಳೆದ ಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ತಿಂದದ್ದಕ್ಕೂ ಸತ್ತದ್ದಕ್ಕೂ ನಂಟು ಕಾಣದ ಉಳಿದ ಇಲಿಗಳು ನಿಶ್ಚಿಂತೆಯಿಂದ ತಿನ್ನುತ್ತಿರುತ್ತವೆ.

ಹೃದಯದ ಕವಾಟ ಬದಲಿಸಿದಾಗಿನಿಂದ ಅತ್ತೆ ನುಂಗುವ ವಾರ್ಫರಿನ್ ಹಿಡಿಯುವುದೂ ಇದೇ ಕಿಣ್ವವನ್ನು. 1948ರಲ್ಲಿ ಅದು ಪೇಟೆಗೆ ಬಂದದ್ದೇ ಇಲಿ ಪಾಷಾಣವಾಗಿ. ಮನುಷ್ಯರ ಔಷಧಿಯಾದದ್ದು 1954ರಲ್ಲಿ. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು. ಗಟ್ಟಿಮುಟ್ಟಾದವರು ಬಿಲ್ಲೆಯ ಒಂದು ಚೂರು ಕಚ್ಚಿದರೆ ಬಹುಮಟ್ಟಿಗೆ ಏನೂ ಆಗಲಿಕ್ಕಿಲ್ಲ. ರಕ್ತ ತೆಳುವಾಗುವ ಮಾತ್ರೆಯನ್ನು ದಿನವೂ ನುಂಗುವ ಎಂಬತ್ತರ ಮುದುಕಿಯ ಲೆಕ್ಕ ಬೇರೆ.

ಮರೆವಿಗೆ ಕೊಡುವ ಡೊನೆಪೆಜಿಲ್‌ನ ಕತೆಯೂ ಹೀಗೇ. ನರಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ಅದು ಹದವಾಗಿ ತಡೆಯುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳೂ ಅದನ್ನೇ ತಡೆಯುತ್ತವೆ, ಹದವಿಲ್ಲದೆ. ಆ ಗುಂಪಿನ ಡೈಕ್ಲೋರ್ವಾಸ್ ಅನ್ನು ಭಾರತದಲ್ಲಿ 2020ರ ಕೊನೆಗೆ ನಿಷೇಧಿಸಿದರು. ಆದರೂ ಕೀಟನಾಶಕದ ಸ್ಪ್ರೇ ಹೊಡೆದಾಗ ಮೂಗು ಉರಿದರೇ ಅದು ಮದ್ದು ಎಂಬ ನಂಬಿಕೆ ಮಾತ್ರ ಗಟ್ಟಿ. ಆಗ ಹಾಸಿಗೆ ಹಿಡಿದವರು ಎದ್ದು ಹೊರಗೆ ಹೋಗುವುದಾದರೂ ಹೇಗೆ?

ಜಿರಳೆಗೆ ಸ್ಪ್ರೇಯೇ ಬೇಕಿಲ್ಲ. ಸ್ಪ್ರೇ ಹೊಡೆದರೆ ಎಷ್ಟೋ ಜಿರಳೆ ಪಕ್ಕದ ಕೋಣೆಗೆ ಓಡುತ್ತವೆ, ಅಷ್ಟೆ. ಕಪಾಟಿನ ಸಂದಿಗೆ ವಿಷ ಬೆರೆಸಿದ ಜೆಲ್ ಕಾಳಿನಷ್ಟು ಇಟ್ಟರೆ ತಿಂದು ಗೂಡಿಗೆ ಮರಳುತ್ತವೆ. ಅವುಗಳ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ. ಅಸಹ್ಯವೇನೋ ಹೌದು, ಆದರೆ ಯಾರ ಶ್ವಾಸಕೋಶಕ್ಕೂ ತೊಂದರೆಯಿಲ್ಲ.

ಹಾಗಂತ ಇಲಿಯನ್ನು ಸುಮ್ಮನೆ ಬಿಡುವಂತಿಲ್ಲ. ಮುಂಬಯಿಯಲ್ಲಿ 2005ರ ಜುಲೈ 26ರಂದು 944 ಮಿಲಿಮೀಟರ್ ಮಳೆ ಸುರಿದ ಮೇಲೆ, ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಜೋರಾಗಿತ್ತು.

ಬಿಲ್ಲೆಯನ್ನು ಕಾಗದಸಮೇತ ಎತ್ತಿ ಆಫೀಸಿಗೆ ಒಯ್ದೆ. "ಇನ್ನೇನು ಮಾಡೋದು?" ಎಂದರು ಮ್ಯಾನೇಜರ್. ಅತ್ತೆಯ ಕೋಣೆಯ ವಾಶ್‌ಬೇಸಿನ್ ಕೆಳಗೆ ಪೈಪಿನ ಸುತ್ತ ಹೆಬ್ಬೆರಳು ತೂರುವಷ್ಟು ಸಂದಿಯಿತ್ತು. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು. ಅದಕ್ಕೆ ಉಕ್ಕಿನ ನಾರು ತುರುಕಿ ಸಿಮೆಂಟು ಮೆತ್ತಿಸಿದರು. ಒಳಗೇ ಉಳಿದದ್ದಕ್ಕೆ ಪಡಸಾಲೆಯಲ್ಲಿ ಬೋನು. ಮೂರನೇ ರಾತ್ರಿ ಬೋನು ಬಿದ್ದ ಸದ್ದಿಗೆ ಅತ್ತೆ ಎದ್ದು ಕೂತರಂತೆ.