ಸೂರ್ಯನ ನೆರೆಯಲ್ಲೇ ಇದ್ದ ಅಲೆ

ಚಳಿಗಾಲದ ರಾತ್ರಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಮಂಜು ಮುಸುಕಿದಂಥ ಒಂದು ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ, ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ, ಅನಿಲದ ಮೋಡ ಕುಸಿದು ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ವೃಷಭ, ಪರ್ಸಿಯಸ್ ದಿಕ್ಕಿನಲ್ಲೂ ಇಂಥ ಮೋಡಗಳಿವೆ. ನಮ್ಮ ನೆರೆಯ ಎಳೆಯ ನಕ್ಷತ್ರಗಳೂ ಮೋಡಗಳೂ ಸೇರಿ ಸೂರ್ಯನನ್ನು ಬಳಸಿದ ಓರೆಯಾದ ಉಂಗುರವೊಂದಿದೆ ಎಂದು ಖಗೋಳವಿಜ್ಞಾನಿಗಳು ಬಹುಕಾಲ ನಂಬಿದ್ದರು. 1879ರಲ್ಲಿ ಅದನ್ನು ವಿವರಿಸಿದ ಬೆಂಜಮಿನ್ ಗೌಲ್ಡ್ ಹೆಸರೇ ಅದಕ್ಕೆ ಬಂತು.

ದಿಕ್ಕು ಗೊತ್ತಿತ್ತು, ದೂರ ಸರಿಯಾಗಿ ಗೊತ್ತಿರಲಿಲ್ಲ. ಅಂಚೇ ಇಲ್ಲದ ಮೋಡದ ದೂರ ಅಳೆಯುವುದು ಹೇಗೆ?

ದಾರಿ ತೋರಿಸಿದ್ದು ಮೋಡದೊಳಗಿನ ದೂಳು. ಅದು ಹಿಂದಿನಿಂದ ಬರುವ ಬೆಳಕಿನಲ್ಲಿ ನೀಲಿಯನ್ನು ಹೆಚ್ಚಾಗಿ ತಡೆದು ಕೆಂಪನ್ನು ಬಿಡುತ್ತದೆ. ಹಾಗಾಗಿ ಮೋಡದ ಆಚೆಗಿರುವ ನಕ್ಷತ್ರ ತನ್ನ ಸಹಜ ಬಣ್ಣಕ್ಕಿಂತ ಕೆಂಪಾಗಿ, ಮಂಕಾಗಿ ಕಾಣುತ್ತದೆ. ಈಚೆಗಿರುವುದು ಹಾಗೆ ಕಾಣುವುದಿಲ್ಲ. ಒಂದೇ ದಿಕ್ಕಿನ ನಕ್ಷತ್ರಗಳನ್ನು ದೂರದ ಕ್ರಮದಲ್ಲಿ ಜೋಡಿಸಿ, ಎಲ್ಲಿಂದಾಚೆಗೆ ಬಣ್ಣ ಕೆಂಪಾಗುತ್ತದೆ ಎಂದು ನೋಡಿದರೆ ಮೋಡ ಅಲ್ಲೇ ಇದೆ ಎಂದರ್ಥ. ವೀಕ್ಷಕರು ತಲೆಮಾರುಗಳಿಂದ ಶಪಿಸುತ್ತ ಬಂದ ದೂಳೇ ಅಳತೆಗೋಲಾಯಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಇದಕ್ಕೆ ಬೇಕಾದ ನಕ್ಷತ್ರಗಳ ನಿಖರ ದೂರವನ್ನು ಒದಗಿಸಿದ್ದು 2013ರಲ್ಲಿ ಯುರೋಪ್ ಹಾರಿಸಿದ ಗಾಯಾ ದೂರದರ್ಶಕ. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರಗಳು ಕೂದಲೆಳೆಯಷ್ಟು ಸರಿದಂತೆ ತೋರುವುದನ್ನು ಅದು ಕೋಟ್ಯಂತರ ನಕ್ಷತ್ರಗಳಿಗೆ ಅಳೆದುಕೊಟ್ಟಿತು.

ಖಗೋಳವಿಜ್ಞಾನಿಗಳಾದ ಜುವಾವ್ ಆಲ್ವೆಸ್, ಕ್ಯಾಥರೀನ್ ಝಕರ್, ಅಲಿಸಾ ಗುಡ್‌ಮನ್ ಮತ್ತು ಸಂಗಡಿಗರು ಈ ದೂರಗಳನ್ನಿಟ್ಟು ಮೂರು ಆಯಾಮದ ನಕ್ಷೆ ಬರೆದಾಗ ಉಂಗುರ ಕರಗಿಹೋಯಿತು. ಅದರ ಭಾಗಗಳೆಂದುಕೊಂಡಿದ್ದ ಹಲವು ಮೋಡಗಳು ಸುಮಾರು 9,000 ಜ್ಯೋತಿರ್ವರ್ಷ ಉದ್ದದ, ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ತಟ್ಟೆಯಿಂದ 500 ಜ್ಯೋತಿರ್ವರ್ಷ ಮೇಲಕ್ಕೂ ಕೆಳಕ್ಕೂ ಹೊಯ್ದಾಡುವ ಒಂದೇ ಅಲೆಯ ತುಣುಕುಗಳಾಗಿದ್ದವು. ಮೂವತ್ತು ಲಕ್ಷ ಸೂರ್ಯರಷ್ಟು ದ್ರವ್ಯವಿರುವ ಈ 'ರ‍್ಯಾಡ್‌ಕ್ಲಿಫ್ ಅಲೆ'ಯ ಸುದ್ದಿ 2020ರಲ್ಲಿ ಪ್ರಕಟವಾಯಿತು. ಅದರ ಅತಿ ಹತ್ತಿರದ ಭಾಗ ನಮ್ಮಿಂದ ಬರೀ 500 ಜ್ಯೋತಿರ್ವರ್ಷ ದೂರದಲ್ಲಿದೆ. ಇಷ್ಟು ದೊಡ್ಡದು ಇಷ್ಟು ಹತ್ತಿರವಿದ್ದೂ ಕಣ್ಣಿಗೆ ಬೀಳದಿದ್ದುದಕ್ಕೆ ಆ ಸಾಮೀಪ್ಯವೂ ಒಂದು ಕಾರಣ: ಆಕಾಶದ ತುಂಬ ಹರಡಿಕೊಂಡದ್ದನ್ನು ಒಂದೇ ವಸ್ತುವೆಂದು ಗುರುತಿಸುವುದು ಕಷ್ಟ.

2024ರಲ್ಲಿ ರಾಲ್ಫ್ ಕೊನಿಯೆಟ್ಜ್ಕಾ ಮತ್ತು ಸಂಗಡಿಗರು ಅಲೆಯ ಎಳೆಯ ನಕ್ಷತ್ರಗುಚ್ಛಗಳ ವೇಗವನ್ನು ಪರಿಶೀಲಿಸಿದರು. ಅಲೆ ಬರೀ ಆಕಾರದಲ್ಲಿ ಅಲೆಯಲ್ಲ, ನಿಜಕ್ಕೂ ಮೇಲೆ ಕೆಳಗೆ ತೂಗುತ್ತಿದೆ. ಜೊತೆಗೆ ಗ್ಯಾಲಕ್ಸಿಯ ಕೇಂದ್ರದಿಂದ ನಿಧಾನವಾಗಿ ಹೊರಕ್ಕೂ ಸರಿಯುತ್ತಿದೆ. ಅದನ್ನು ಮೊದಲು ಅಲುಗಿಸಿದ್ದು ಸಿಡಿದ ನಕ್ಷತ್ರಗಳೋ, ಹೊರಗಿನಿಂದ ಬಂದ ಕುಬ್ಜ ಗ್ಯಾಲಕ್ಸಿಯೋ ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.