ಮನೆಯಲ್ಲಿ ಸರಿಯಾಗಿದ್ದ ಅಕ್ಷರ

ಮದುವೆಯ ಹಂಗಾಮು ಶುರುವಾದರೆ ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಗೆ ದಿನವೂ ಪೆನ್ ಡ್ರೈವ್‌ಗಳು ಬರುತ್ತವೆ. ಜಗಳೂರಿನವರಿರಲಿ, ಚನ್ನಗಿರಿಯವರಿರಲಿ, ಹೇಳುವ ಮಾತು ಒಂದೇ: ‘ಲಗ್ನಪತ್ರಿಕೆ ಟೈಪ್ ಆಗಿದೆ, ಪ್ರಿಂಟ್ ತೆಗೆದರೆ ಸಾಕು.’ ಕಡತ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ‘ನಮ್ಮ ಮನೆಯಲ್ಲಿ ಸರಿಯಾಗಿತ್ತಲ್ಲ?’ ಎಂದು ನನ್ನ ಕಂಪ್ಯೂಟರನ್ನು ಅನುಮಾನದಿಂದ ನೋಡುತ್ತಾರೆ. ಮನೆಯಲ್ಲಿ ಸರಿಯಾಗಿಯೇ ಇತ್ತು.

ಕಡತದೊಳಗೆ ಅಕ್ಷರದ ಚಿತ್ರ ಇರುವುದಿಲ್ಲ, ಸಂಖ್ಯೆ ಇರುತ್ತದೆ. ಯಾವ ಸಂಖ್ಯೆಗೆ ಯಾವ ಆಕಾರ ಎಂಬುದು ಫಾಂಟ್‌ನಲ್ಲಿರುತ್ತದೆ. ಫಾಂಟ್ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ನೀವು ಹೊತ್ತು ತಂದದ್ದು ಸಂಖ್ಯೆಗಳನ್ನು ಮಾತ್ರ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷಿನ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅವುಗಳನ್ನು ನಾನು ದೂರುವುದಿಲ್ಲ, ನಾನು ಕನ್ನಡ ಟೈಪಿಂಗ್ ಕಲಿತದ್ದೇ ಅವುಗಳಲ್ಲಿ. ಆದರೆ ಆ ಫಾಂಟ್ ಇಲ್ಲದ ಕಡೆ ಸಂಖ್ಯೆಗಳು ಮತ್ತೆ ಇಂಗ್ಲಿಷಾಗುತ್ತವೆ.

ನಮ್ಮ ಬೀದಿಯಲ್ಲಿ ಜೆರಾಕ್ಸ್ ಎಂದರೆ ನಕಲು ಪ್ರತಿ, ಅಷ್ಟೇ. ಆದರೆ ಈ ತೊಡಕಿಗೆ ಮದ್ದು ಹುಡುಕಿದವರಲ್ಲಿ ಅದೇ ಹೆಸರಿನ ಕಂಪನಿಯಲ್ಲಿ ದುಡಿದವರಿದ್ದರು. ಆ ಕಂಪನಿ 1970ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ‘ಪಾರ್ಕ್’ ಎಂಬ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿ 1973ರಲ್ಲಿ ತಯಾರಾದ ಆಲ್ಟೊ ಕಂಪ್ಯೂಟರಿನ ಪರದೆ ಕಾಗದದ ಹಾಳೆಯಂತೆ ಉದ್ದಕ್ಕೆ ನಿಂತಿತ್ತು. ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಸಂಗಡಿಗರು ಅದಕ್ಕೆಂದು ಮಾಡಿದ ‘ಬ್ರಾವೊ’ ತಂತ್ರಾಂಶದಲ್ಲಿ, ಅಚ್ಚಾಗಿ ಬರುವ ಹಾಗೆಯೇ ಬರಹ ಪರದೆಯ ಮೇಲೆ ಕಾಣುತ್ತಿತ್ತು. ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಮೊದಲು ಅದೇ ಕಂಪನಿಯ ಇನ್ನೊಂದು ಪ್ರಯೋಗಾಲಯದಲ್ಲಿದ್ದರು. ಲೇಸರ್ ಕೆಲಸಕ್ಕೆ ಮೇಲಿನವರ ಒಪ್ಪಿಗೆ ಸಿಗದೆ 1971ರಲ್ಲಿ ಪಾರ್ಕ್‌ಗೆ ಬಂದು, ನಕಲು ಯಂತ್ರಕ್ಕೇ ಲೇಸರ್ ಜೋಡಿಸಿ ಪ್ರಿಂಟರ್ ಮಾಡಿದರು. ಪಾರ್ಕ್‌ನಿಂದ ಜೆರಾಕ್ಸ್‌ಗೆ ಏನೂ ದಕ್ಕಲಿಲ್ಲ ಎಂದು ವಾದಿಸುವವರು, 1977ರಲ್ಲಿ ಮಾರುಕಟ್ಟೆಗೆ ಬಂದ ಲೇಸರ್ ಪ್ರಿಂಟರ್ ಎಷ್ಟು ದುಡಿದುಕೊಟ್ಟಿತು ಎಂಬುದನ್ನು ಮರೆಯುತ್ತಾರೆ. ಅಲ್ಲಿಂದ 1982ರಲ್ಲಿ ಹೊರಬಂದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಅಡೋಬಿ ಕಂಪನಿ ಕಟ್ಟಿದರು. ಪಿಡಿಎಫ್ 1993ರಲ್ಲಿ ಅವರಿಂದ ಬಂತು. ಲೋಕದ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನ ಕರಡನ್ನು 1988ರಲ್ಲಿ ಬರೆದ ಜೋ ಬೆಕರ್ ಕೂಡ ಜೆರಾಕ್ಸ್‌ನವರೇ. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಸಿಕ್ಕವು.

ಈ ಕೊನೆಯ ಎರಡನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಯೂನಿಕೋಡ್ ಉಳಿಸುವುದು ಅಕ್ಷರವನ್ನು, ಪಿಡಿಎಫ್ ಉಳಿಸುವುದು ಪುಟವನ್ನು.

ಹರಿಹರದ ನಿವೃತ್ತ ಮೇಷ್ಟ್ರೊಬ್ಬರು ಮನೆತನದ ಚರಿತ್ರೆ ಬರೆದು ತಂದಿದ್ದರು. ತೆರೆದಾಗ ಎಂಬತ್ತು ಪುಟವೂ ಇಂಗ್ಲಿಷ್ ಚುಕ್ಕೆಗಳೇ. ‘ತಮ್ಮಾ, ಎಂಟು ತಿಂಗಳು ಬರೆದದ್ದು’ ಎಂದವರ ಕೈ ನಡುಗುತ್ತಿತ್ತು. ಫಾಂಟ್ ಹಾಕಿದೆ, ಅಕ್ಷರಗಳು ಮರಳಿದವು. ಯೂನಿಕೋಡ್‌ಗೆ ಪರಿವರ್ತಿಸಿ ಕೆಲವು ಅರ್ಕಾವತ್ತುಗಳನ್ನು ಕೈಯಿಂದ ತಿದ್ದಿಕೊಟ್ಟೆ. ವಾರ ಬಿಟ್ಟು ಅದೇ ಕಡತವನ್ನು ಅವರು ಬೇರೊಂದು ಊರಿನ ಮುದ್ರಣಾಲಯಕ್ಕೆ ಕೊಟ್ಟರು. ಅಲ್ಲಿ ಅಕ್ಷರ ಕೆಡಲಿಲ್ಲ. ಆದರೆ ನಾನು ಬಳಸಿದ್ದ ಫಾಂಟ್ ಅಲ್ಲಿರಲಿಲ್ಲವಾಗಿ ಬೇರೆ ಫಾಂಟ್ ಬಂದು ಕೂತಿತು, ಸಾಲುಗಳು ಜಾರಿದವು, ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪಾದವು. ಪಿಡಿಎಫ್ ಮಾಡಿ ಕೊಡದೆ ಕಳಿಸಿದ್ದು ನನ್ನದೇ ತಪ್ಪು. ಆ ಬೇಸರ ಇನ್ನೂ ಹೋಗಿಲ್ಲ.

ಪಿಡಿಎಫ್ ತಂದರೆ ಎಲ್ಲವೂ ಸರಿ ಎಂದು ನಾನು ಭರವಸೆ ಕೊಡಲಾರೆ. ಫಾಂಟ್ ಒಳಗೆ ಸೇರದ ಪಿಡಿಎಫ್‌ಗಳೂ ಬರುತ್ತವೆ. ಕೆಟ್ಟ ಕಡತವನ್ನು ಪಿಡಿಎಫ್ ಮಾಡಿದರೆ ಕೆಟ್ಟದ್ದೇ ಗಟ್ಟಿಯಾಗುತ್ತದೆ. ಆದ್ದರಿಂದ ಕಡತವನ್ನು ಇನ್ನೊಬ್ಬರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಮನೆಯ ಪ್ರಿಂಟರಿನಲ್ಲಿ ತೆಗೆದ ಒಂದು ಪ್ರತಿಯನ್ನೂ ಜೊತೆಗೆ ತನ್ನಿ.

ಮೇಷ್ಟ್ರು ಈಗ ಎರಡನೆಯ ಪುಸ್ತಕದಲ್ಲಿದ್ದಾರೆ. ಕಳೆದ ವಾರ ಪಿಡಿಎಫ್ ಜೊತೆಗೆ ಮನೆಯಲ್ಲಿ ತೆಗೆದ ಪ್ರತಿಯನ್ನೂ ದಾರ ಹಾಕಿ ಹೊಲಿದು ತಂದಿದ್ದರು. ಇಬ್ಬರೂ ಕುಳಿತು ಪುಟಕ್ಕೆ ಪುಟ ಹೋಲಿಸಿ ನೋಡಿದೆವು.