ಒಂದು ಹಲಗೆ, ಎಂಟು ವ್ಯಾಗನ್, 6,720 ಆಟ

ಪ್ರಶ್ನೆ: ಚಿಕ್ಕಂದಿನಿಂದ ನನಗೆ ರೈಲು ಅಂದ್ರೆ ಹುಚ್ಚು. ಮನೆಯಲ್ಲೇ ಒಂದು ಪುಟ್ಟ ಮಾದರಿ ರೈಲುದಾರಿ ಮಾಡಬೇಕು ಅಂತ ಆಸೆ. ಆದರೆ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಇಷ್ಟು ಜಾಗದಲ್ಲಿ ಏನು ಮಾಡೋಕಾಗುತ್ತೆ? ಸುಮ್ನೆ ಗುಂಡಗೆ ಸುತ್ತೋ ರೈಲು ಎರಡೇ ದಿನಕ್ಕೆ ಬೇಜಾರಾಗಲ್ವಾ?

ಉತ್ತರ: ಆಗುತ್ತದೆ. ನನಗೆ ಎರಡು ದಿನವೂ ಬೇಕಾಗಲಿಲ್ಲ. ಅದಕ್ಕೇ ಹೇಳುವುದು, ಸುತ್ತುವ ರೈಲು ಬಿಡಿ, ಶಂಟಿಂಗ್ ಮಾಡುವ, ಅಂದರೆ ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವ ರೈಲು ಕಟ್ಟಿ. ನಾಲ್ಕೈದು ಅಡಿ ಉದ್ದ, ಒಂದಡಿ ಅಗಲದ ಪ್ಲೈವುಡ್ ಹಲಗೆ ಸಾಕು. ಆಟ ಮುಗಿದ ಮೇಲೆ ಬೀರುವಿನ ಮೇಲೆ ಎತ್ತಿಟ್ಟರೆ ಆಯಿತು.

ಗುಂಡಗೆ ಸುತ್ತುವ ದಾರಿಗೆ ಎಷ್ಟು ಜಾಗ ಬೇಕು ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆ ಅಂದರೆ 1:87 (ನಿಜವಾದ ರೈಲಿನ 87ರಲ್ಲಿ ಒಂದು ಪಾಲು), ಹಳಿಗಳ ನಡುವೆ 16.5 ಮಿ.ಮೀ. ಆಟದ ಸೆಟ್‌ಗಳಲ್ಲಿ ಬರುವ ಬಿಗಿ ತಿರುವಿನ ತ್ರಿಜ್ಯವೇ ಸುಮಾರು 36 ಸೆಂ.ಮೀ. ಅಂದರೆ ಎರಡೂವರೆ ಅಡಿ ಅಗಲದ ಮೇಜು ಕೂಡ ಸಾಲದು. ಅದರ ಮೇಲೆ ನಮ್ಮ ಎಲ್‌ಎಚ್‌ಬಿ ಬೋಗಿ (ಈಗಿನ ಉದ್ದನೆಯ ಪ್ರಯಾಣಿಕರ ಬೋಗಿ) ಓಡಿಸಬೇಕು ಅಂದ್ರೆ ಇನ್ನೂ ಕಷ್ಟ. ನಿಜವಾದ ಬೋಗಿ ಸುಮಾರು 23.5 ಮೀಟರ್, ಮಾದರಿಯಲ್ಲಿ 27 ಸೆಂ.ಮೀ. ಅಷ್ಟುದ್ದದ ಬೋಗಿ ಆ ತಿರುವಿಗೆ ಬಂದಾಗ ನಡು ಒಳಗೆ, ಮೂಲೆಗಳು ಹೊರಗೆ ಚಾಚಿಕೊಂಡು ನೋಡಲಿಕ್ಕೇ ಸಂಕಟ. 1:160ರ ಎನ್ ಅಳತೆಯಲ್ಲಿ ಹಳಿಗಳ ನಡುವೆ ಬರೀ 9 ಮಿ.ಮೀ., ಹಾಗಾಗಿ ಜಾಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಬೇಜಾರು ಮಾತ್ರ ಇಳಿಯುವುದಿಲ್ಲ.

ಇನ್ನು ಸಕಲೇಶಪುರ ಘಾಟ್ ಮಾಡುತ್ತೇನೆ ಅನ್ನುವವರು. ನಾನೂ ಅಂದವನೇ! ಅಲ್ಲಿನ ಏರು 50ಕ್ಕೆ 1, ಅಂದರೆ 50 ಅಡಿ ಹೋದರೆ 1 ಅಡಿ ಮೇಲೇರುತ್ತದೆ. ಎಚ್‌ಒದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಸುಮಾರು 8 ಸೆಂ.ಮೀ. ಎತ್ತರ ಬೇಕು. ಅದೇ ಏರಿನಲ್ಲಿ ಹತ್ತಿಸಿದರೆ ಹತ್ತುವುದಕ್ಕೇ 4 ಮೀಟರ್ ಹಳಿ. ಎರಡು ರೂಮಿನ ಮನೆಯಲ್ಲಿ ಅಡುಗೆಮನೆ ದಾಟಿ ಹೋಗಬೇಕಾಗುತ್ತದೆ.

ಶಂಟಿಂಗ್ ಆಟದಲ್ಲಿ ನನಗೆ ತುಂಬ ಹಿಡಿಸಿದ್ದು ಇಂಗ್ಲೆಂಡಿನ ಅಲನ್ ರೈಟ್ ಅವರ ‘ಇಂಗಲ್‌ನುಕ್ ಸೈಡಿಂಗ್ಸ್’. ಬೇಕಾಗುವುದು ಎರಡೇ ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಕವಲು ಹಳಿ). ಉದ್ದದ್ದರಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಓಡಾಡುವ ತುದಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ ನಿಲ್ಲಬೇಕು. ಎಂಟು ವ್ಯಾಗನ್‌ಗೆ ನಂಬರ್ ಹಾಕಿ. ಐದನ್ನು ಉದ್ದದ ಸೈಡಿಂಗಿನಲ್ಲಿ, ಮೂರನ್ನು ಗಿಡ್ಡದೊಂದರಲ್ಲಿ ನಿಲ್ಲಿಸಿ, ಇನ್ನೊಂದು ಖಾಲಿ ಇರಲಿ. ಈಗ ಎಂಟು ಚೀಟಿಗಳಲ್ಲಿ ಐದನ್ನು ಎತ್ತಿ. ಚೀಟಿ ಬಂದ ಕ್ರಮದಲ್ಲೇ ಆ ಐದು ವ್ಯಾಗನ್ ಉದ್ದದ ಸೈಡಿಂಗಿನಲ್ಲಿ ಸಾಲಾಗಿ ನಿಲ್ಲಬೇಕು. ಇಷ್ಟೇ ಆಟ.

ಕೇಳಲಿಕ್ಕೆ ಸುಲಭ, ಅಲ್ವಾ? ಎಂಟರಲ್ಲಿ ಐದನ್ನು ಸಾಲಾಗಿ ಜೋಡಿಸುವ ಬಗೆ 8×7×6×5×4, ಅಂದರೆ 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಮೀರುತ್ತದೆ. ತುದಿಯ ಹಳಿಯನ್ನು ಒಂದು ವ್ಯಾಗನ್‌ನಷ್ಟು ಉದ್ದ ಮಾಡಿ ನೋಡಿ, ಅರ್ಧ ಮಜಾ ಹೋಗುತ್ತದೆ. ಜಾಗ ಸಾಲದಿರುವುದರಿಂದಲೇ ಇದು ಆಟ.

ನಮ್ಮ ರೈಲ್ವೆಯಲ್ಲಿ ಈಗ ಒಂದಿಡೀ ರೇಕ್‌ಗೆ, ಅಂದರೆ ವ್ಯಾಗನ್‌ಗಳ ಇಡೀ ಸಾಲಿಗೆ, ಒಂದೇ ಸರಕು ತುಂಬಿ ಕಳಿಸುವುದೇ ಹೆಚ್ಚು. ಒಂದೊಂದು ವ್ಯಾಗನ್ ಬಿಡಿಸಿ ಜೋಡಿಸುವ ಕೆಲಸ ಹಳೆಯ ಗೂಡ್ಸ್ ಶೆಡ್‌ಗಳ ಕಾಲದ್ದು. ಹಾಗಾಗಿ ದೃಶ್ಯಕ್ಕೆ ಹಳೇ ಕಾಲವೇ ಒಪ್ಪುತ್ತದೆ: ಹೆಂಚಿನ ಶೆಡ್, ಕಲ್ಲಿನ ಪ್ಲಾಟ್‌ಫಾರಂ, ಒಂದು ಹುಣಸೆಮರ.

ಪಾಯಿಂಟ್ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಎರಡು ಹಳಿ ಕೂಡುವ ಜಾಗದಲ್ಲಿ ಪ್ಲಾಸ್ಟಿಕ್ ತುಂಡು ಇದ್ದರೆ ಅಲ್ಲಿ ಕರೆಂಟ್ ಇರುವುದಿಲ್ಲ. ನಾಲ್ಕು ಚಕ್ರದ ಪುಟ್ಟ ಎಂಜಿನ್ ನಿಧಾನ ಬಂದರೆ ಅಲ್ಲೇ ನಿಂತುಬಿಡುತ್ತದೆ. ಆ ಜಾಗವೂ ಲೋಹದ್ದೇ ಇರುವ ಪಾಯಿಂಟ್ ಕೇಳಿ. ಎಂಜಿನ್‌ಗೆ ಎಲ್ಲ ಚಕ್ರಗಳಿಂದಲೂ ಕರೆಂಟ್ ಸಿಗುವಂತಿರಲಿ. ಈ ನಕ್ಷೆಯಲ್ಲಿ 12 ವೋಲ್ಟ್‌ನ ಎರಡು ವೈರನ್ನು ಎಂಜಿನ್ ಓಡಾಡುವ ತುದಿಗೆ ಬೆಸುಗೆ ಹಾಕಿದರೆ ವೈರಿಂಗ್ ಕೆಲಸ ಮುಗಿಯಿತು. ವ್ಯಾಗನ್ ಬಿಡಿಸಲು ನಾನು ಉರಿದು ಉಳಿದ ಊದಿನಕಡ್ಡಿಯ ಬಿದಿರನ್ನು ಚೂಪು ಮಾಡಿ ಇಟ್ಟುಕೊಂಡಿದ್ದೇನೆ. ವ್ಯಾಗನ್‌ಗಳನ್ನು ಸೇರಿಸುವ ಕಪ್ಲಿಂಗ್ ಕೊಕ್ಕೆಗಳ ನಡುವೆ ತೂರಿಸಿ ಒಂಚೂರು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಜಲ್ಲಿ ಹಾಕುವುದು ತಾಳ್ಮೆಯ ಕೆಲಸ. ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದ ಮರಳನ್ನು ಹಳಿಗಳ ನಡುವೆ ಬ್ರಷ್‌ನಿಂದ ಸವರಿ, ಮೇಲೆ ನೀರು ಸಿಂಪಡಿಸಿ. ಆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿರಿ, ಇಲ್ಲದಿದ್ದರೆ ಅಂಟು ಮರಳಿನ ಮೇಲೆ ಗುಂಡಗೆ ಕೂರುತ್ತದೆ, ಒಳಗಿಳಿಯುವುದಿಲ್ಲ. ಆಮೇಲೆ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರ್‌ನಿಂದ ಹನಿಹನಿಯಾಗಿ ಬಿಡಿ. ಪಾಯಿಂಟ್ ಹತ್ತಿರ ಮಾತ್ರ ಕೈ ಬಿಗಿ ಹಿಡಿಯಿರಿ. ಮೊದಲ ಸಲ ನಾನು ಧಾರಾಳವಾಗಿ ಸುರಿದೆ. ಬೆಳಿಗ್ಗೆ ನೋಡಿದರೆ ಪಾಯಿಂಟ್‌ನ ಅತ್ತಿತ್ತ ಸರಿಯುವ ನಾಲಿಗೆ ಕಲ್ಲಿನಂತೆ ಅಂಟಿಕೊಂಡಿತ್ತು. ಬಿಸಿನೀರು, ಹಳೇ ಟೂತ್‌ಬ್ರಷ್, ಇಡೀ ಭಾನುವಾರ. ನೆಲದ ಮಣ್ಣಿಗೆ ಒಣಗಿಸಿದ ಚಹಾಪುಡಿ, ಒಣಹುಲ್ಲಿಗೆ ತೆಂಗಿನ ನಾರು ಚೆನ್ನಾಗಿ ಹೊಂದುತ್ತದೆ.

ಇದೆಲ್ಲ ಆಮೇಲೆ. ಏನನ್ನೂ ಕೊಳ್ಳುವ ಮುಂಚೆ ಇವತ್ತೇ ಹಳೇ ಪೇಪರ್ ಮೇಲೆ ಮೂರು ಸೈಡಿಂಗ್ ಗೆರೆ ಎಳೆಯಿರಿ. ಎಂಟು ಬೆಂಕಿಪೊಟ್ಟಣಕ್ಕೆ ನಂಬರ್ ಹಾಕಿ, ಒಂದು ರಬ್ಬರ್ ಎಂಜಿನ್ ಆಗಲಿ. ಚೀಟಿ ಎತ್ತಿ ನಾಲ್ಕು ಸಲ ಆಡಿ ನೋಡಿ. ಹಿಡಿಸದಿದ್ದರೆ ಪೊಟ್ಟಣ ಅಡುಗೆಮನೆಗೆ ವಾಪಸ್, ದುಡ್ಡು ಜೇಬಲ್ಲೇ ಉಳಿಯಿತು. ರಾತ್ರಿ ಊಟಕ್ಕೆ ಕರೆದರೂ ‘ಒಂದೇ ನಿಮಿಷ, ನಾಲ್ಕನೇದನ್ನ ಹೊರಗೆ ತೆಗೆದುಬಿಡ್ತೀನಿ’ ಅಂದಿರೋ, ಪ್ಲೈವುಡ್ ಅಂಗಡಿಗೆ ಹೋಗಬಹುದು.